ಮನೆಯಲ್ಲಿ ಆರೈಕೆ ಮಾಡುವ ಮಕ್ಕಳ ಜೊತೆ ನಾಟಕ ಕಟ್ಟುವ ಬಗೆ

ಶಾಲೆ ಬಿಟ್ಟು ಬಂದು ಹಾಸಿಗೆ ಹಿಡಿದ ಅಜ್ಜಿಗೆ ಗಂಜಿ ಕುಡಿಸುವವರು, ಡಯಾಲಿಸಿಸ್‌ಗೆ ಹೋಗುವ ಅಪ್ಪನ ಜೊತೆ ಬಸ್ಸು ಹತ್ತುವವರು, ಅಮ್ಮ ಬೀಡಿ ಕಟ್ಟುವಾಗ ನಡೆಯಲಾಗದ ತಮ್ಮನನ್ನು ನೋಡಿಕೊಳ್ಳುವವರು ಮಂಗಳೂರು, ಉಡುಪಿಯ ಶಾಲೆಗಳಲ್ಲಿ ಇದ್ದಾರೆ. ಹಾಜರಿ ಪುಸ್ತಕದಲ್ಲಿ ಅವರು ಬರೀ ‘ಗೈರು’. ಇವರ ಜೊತೆ ನಾಟಕ ಮಾಡಲು ಹೊರಟವರು ಒಂದು ಮಾತು ಮೊದಲೇ ಒಪ್ಪಿಕೊಳ್ಳಬೇಕು: ತಾಲೀಮಿಗೆ ಎಲ್ಲರೂ ಒಟ್ಟಿಗೆ ಸಿಗುವುದಿಲ್ಲ. ಬಾರದ ಮಗುವನ್ನು ಗದರಿಸಿ ಪ್ರಯೋಜನವಿಲ್ಲ. ಒಬ್ಬರು ಬಾರದಿದ್ದರೂ ನಿಲ್ಲದಂಥ ನಾಟಕವನ್ನೇ ಕಟ್ಟಬೇಕು.

ಅದಕ್ಕೆ ದಾರಿ ನಮ್ಮ ಯಕ್ಷಗಾನದಲ್ಲೇ ಇದೆ. ಪದ್ಯ ಮತ್ತು ಕಥೆಯ ನಡೆ ನಿಗದಿ, ಅರ್ಥ, ಅಂದರೆ ಪಾತ್ರಗಳು ಆಡುವ ಮಾತು, ಮಾತ್ರ ರಂಗಸ್ಥಳದಲ್ಲೇ ಹುಟ್ಟುತ್ತದೆ. ಪ್ರಸಂಗ ಬಲ್ಲ ಕಲಾವಿದರು ಇನ್ನೊಬ್ಬರ ಬದಲಿಗೆ ವೇಷ ಕಟ್ಟುತ್ತಾರೆ. ಹಾಗಾಗಿ ಮಾತು ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಡಿ. ಅರ್ಧ ಗಂಟೆಯ ನಾಟಕಕ್ಕೆ ಆರು ದೃಶ್ಯ ಸಾಕು. ಪ್ರತಿ ದೃಶ್ಯಕ್ಕೆ ಮೂರೇ ಸಾಲು ಬರೆಯಿರಿ: ಶುರುವಿನಲ್ಲಿ ಏನಿದೆ, ನಡುವೆ ಏನು ಬದಲಾಗುತ್ತದೆ, ಯಾವ ಮಾತಿಗೆ ದೃಶ್ಯ ಮುಗಿಯುತ್ತದೆ. ಈ ಕೊನೆಯ ಮಾತೊಂದನ್ನು ಮಾತ್ರ ಬದಲಿಸುವಂತಿಲ್ಲ, ಮುಂದಿನವರು ಅದನ್ನು ಕೇಳಿಯೇ ಒಳಗೆ ಬರುತ್ತಾರೆ. ಪ್ರತಿ ಪಾತ್ರ ಇಬ್ಬರಿಗೆ ಗೊತ್ತಿರಲಿ. ಮೂರ್ನಾಲ್ಕು ಮಕ್ಕಳ ಒಂದು ಮೇಳ ಬದಿಯಲ್ಲಿ ಕೂತು ಕಥೆ ಹೇಳಲಿ, ಹಾಡಲಿ. ಯಾರಾದರೂ ಬಾರದಿದ್ದರೆ ಆ ಭಾಗವನ್ನು ಮೇಳ ಎತ್ತಿಕೊಳ್ಳುತ್ತದೆ.

ಹತ್ತರಿಂದ ಹದಿನೈದು ವಯಸ್ಸಿನ ಎಂಟು-ಹತ್ತು ಮಕ್ಕಳು, ದೊಡ್ಡವರು ಇಬ್ಬರು. ಶನಿವಾರ ಬೆಳಗ್ಗಿನ ಶಾಲೆ ಮುಗಿದ ಮೇಲೆ ಒಂದೂವರೆ ಗಂಟೆ, ಒಟ್ಟು ಹನ್ನೆರಡು ವಾರ. ಬಂದ ಕೂಡಲೇ ಹೊಟ್ಟೆಗೆ ಕೊಡಿ. ಬಸ್ಸಿನ ದುಡ್ಡನ್ನು ಅವತ್ತೇ ಕೈಗೆ ಕೊಡಿ. ಫೋನ್ ತೆಗೆದಿರಿಸಬೇಡಿ: ಮನೆಯಿಂದ ಕರೆ ಬರಬಹುದೆಂಬ ಚಿಂತೆ ಇದ್ದರೆ ಮಗು ಆಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಹಾಲ್ ಬೇಡ, ಮಳೆ ಬಿದ್ದರೆ ಒಂದು ಮಾತೂ ಕೇಳದು.

ಮೊದಲ ನಾಲ್ಕು ವಾರ ಸಾಮಗ್ರಿ ಕೂಡಿಸಲು. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ‘ನಿನ್ನ ಮನೆ ಕಷ್ಟ ಹೇಳು’ ಎಂದು ಕೇಳಿದರೆ ಮಗು ಅಳುತ್ತದೆ ಇಲ್ಲವೇ ಬಾಯಿ ಮುಚ್ಚುತ್ತದೆ. ಕಥೆ ಕೇಳಬೇಡಿ, ಕೆಲಸ ಕೇಳಿ. ನಾಲ್ಕು ಬೆಂಕಿಪೊಟ್ಟಣ ಮತ್ತು ಹುಣಸೆ ಬೀಜ ಇಡಿ: ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿಯ ಮಾತ್ರೆ. ‘ಮಾತ್ರೆ ಬೇಡ ಅಂತ ಹಟ ಹಿಡಿದ ಅಜ್ಜಿಗೆ ಹೇಗೆ ಕೊಡುತ್ತೀ, ಮಾಡಿ ತೋರಿಸು’ ಎನ್ನಿ. ಒಬ್ಬಳು ಬೆಲ್ಲದ ಚೂರು ಹಿಂದೆ ಬಚ್ಚಿಟ್ಟುಕೊಂಡಾಳು, ಒಬ್ಬ ಡಾಕ್ಟರರ ಸ್ವರದಲ್ಲಿ ಫೋನ್ ಮಾಡಿಯಾನು. ನೋಡುವವರು ನಗುತ್ತಾರೆ, ಮಾಡುವವರಿಗೆ ತಮ್ಮ ಜಾಣ್ಮೆ ಗೊತ್ತಾಗುತ್ತದೆ. ನಾಟಕಕ್ಕೆ ಬೇಕಾದದ್ದು ಇದೇ.

ಹೀಗೆ ಸಿಕ್ಕ ತುಣುಕುಗಳನ್ನು ಕಲಸಿ. ಒಬ್ಬಳ ಅಜ್ಜಿ, ಇನ್ನೊಬ್ಬನ ಬಸ್ಸು, ಮತ್ತೊಬ್ಬಳ ಪರೀಕ್ಷೆ ಸೇರಿ ಯಾರದ್ದೂ ಅಲ್ಲದ ಒಂದು ಮನೆ ಆಗಲಿ. ಯಜಮಾನ ಒಂದು ಮುದಿ ಆಮೆಯಾದರೂ ಸರಿ. ತನ್ನ ಮನೆಯ ಪಾತ್ರವನ್ನು ಯಾವ ಮಗುವೂ ತಾನೇ ಮಾಡಬಾರದು. ಊರಿನಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು, ಸೋಮವಾರ ತರಗತಿಯಲ್ಲಿ ತಮಾಷೆ ಮಾಡುವವರು ಇರುತ್ತಾರೆ. ಮನೆಮಾತು ತುಳುವೋ ಬ್ಯಾರಿಯೋ ಕೊಂಕಣಿಯೋ, ಅಜ್ಜಿಯ ಪಾತ್ರ ಅದರಲ್ಲೇ ಗೊಣಗಲಿ. ಶುದ್ಧ ಗ್ರಾಂಥಿಕ ಕನ್ನಡ ಹೇರಿದರೆ ಆಶುಮಾತು ಅಲ್ಲಿಗೇ ನಿಲ್ಲುತ್ತದೆ.

ಹೆತ್ತವರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು, ಮಗುವಿನ ಒಪ್ಪಿಗೆ ಬೇರೆಯೇ ಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯುವ ಸ್ವಾತಂತ್ರ್ಯದ ಜೊತೆ. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆ ಕೊಡಬೇಡಿ. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಎಂಟನೇ ವಾರಕ್ಕೆ ದೊಡ್ಡವರ ಕೈ ತುರಿಸಲು ಶುರುವಾಗುತ್ತದೆ: ಕೊನೆಗೆ ಅಜ್ಜಿ ಸಾಯಲಿ, ದುಃಖದ ಹಾಡು ಬರಲಿ, ‘ತ್ಯಾಗಮಯಿ ಬಾಲೆ’ಗೆ ಶಾಲು ಹೊದೆಸಲಿ. ಬೇಡ. ಆ ಮಗುವಿನ ಅಜ್ಜಿ ಮನೆಯಲ್ಲಿ ಬದುಕಿದ್ದಾರೆ. ಈ ಮಕ್ಕಳಿಗೆ ಸುಸ್ತಾಗುತ್ತದೆ, ಸಿಟ್ಟು ಬರುತ್ತದೆ, ಆಟಕ್ಕೆ ಓಡಬೇಕೆನಿಸುತ್ತದೆ. ಅದು ರಂಗದ ಮೇಲೆ ಬರಬೇಕು. ಮುಕ್ತಾಯ ಏನೆಂದು ಮಕ್ಕಳೇ ತೀರ್ಮಾನಿಸಲಿ.

ಪರಿಕರ: ಎರಡು ಬೆಂಚು, ಒಂದು ಬೆಡ್‌ಶೀಟು, ಬಕೆಟ್, ಸ್ಟೀಲ್ ಲೋಟಗಳು. ಮುಚ್ಚಿದ ಹಾಲ್‌ನಲ್ಲಿ ಚೆಂಡೆ ಮಕ್ಕಳ ಸ್ವರವನ್ನು ನುಂಗಿಬಿಡುತ್ತದೆ, ತಾಳ ಮತ್ತು ತೆಂಗಿನ ಗೆರಟೆ ಸಾಕು.

ಪ್ರದರ್ಶನದ ದಿನಕ್ಕೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಮಗು ರಂಗದಲ್ಲಿರುವಾಗ ಮನೆಯಲ್ಲಿ ಯಾರು ಎಂಬುದು. ಎರಡು ವಾರ ಮೊದಲೇ ನೆಂಟರನ್ನೋ ನೆರೆಯವರನ್ನೋ ಗೊತ್ತುಮಾಡಿ. ಬರಬಲ್ಲ ರೋಗಿಗಳಿಗೆ ಗಾಲಿಕುರ್ಚಿ ಹೋಗುವಷ್ಟು ಜಾಗ ಮುಂದಿನ ಸಾಲಿನಲ್ಲಿ ಬಿಡಿ. ಮೊದಲ ಪ್ರದರ್ಶನ ಮನೆಯವರಿಗೆ ಮಾತ್ರ, ಮೊಬೈಲ್ ಚಿತ್ರೀಕರಣ ಇಲ್ಲ. ನಾಟಕ ಚೆನ್ನಾಗಿ ಬಂದರೆ ಬೇರೆ ಶಾಲೆಗಳಿಂದ ಕರೆ ಬರುತ್ತದೆ. ಒಪ್ಪುವ ಮೊದಲು ಪ್ರತಿ ಸಲವೂ ಮಕ್ಕಳನ್ನು ಕೇಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಕರೆದರೆ ಕೇಳುವುದೂ ಬೇಡ, ಪರೀಕ್ಷೆ ಮುಗಿಯಲಿ ಎಂದುಬಿಡಿ.