ಸಿಬ್ಬಂದಿ ಕಡತ: ಯಾವುದನ್ನು ಇಡಬೇಕು, ಎಷ್ಟು ವರ್ಷ ಇಡಬೇಕು?

ತುಮಕೂರಿನ ಕಾಲೇಜು ಕಚೇರಿಗಳಲ್ಲಿ ರೆಕಾರ್ಡ್ ರೂಮ್ ತುಂಬಿದಾಗ ಮೊದಲು ಕಣ್ಣು ಬೀಳುವುದು ಹಳೆ ಸಿಬ್ಬಂದಿ ಕಡತಗಳ ಮೇಲೆ. ತೂಕಕ್ಕೆ ಹಾಕುವ ಮುಂಚೆ ಒಂದು ಲೆಕ್ಕ ಮಾಡಿ. 25ನೇ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿದ ಅಧ್ಯಾಪಕಿ 62ಕ್ಕೆ ನಿವೃತ್ತರಾಗುತ್ತಾರೆ. ಹಳೆ ಪಿಂಚಣಿಗೆ ಸೇರಿದವರಾದರೆ ಬದುಕಿರುವವರೆಗೆ ಪಿಂಚಣಿ, ಅವರ ನಂತರ ಗಂಡನಿಗೆ ಕುಟುಂಬ ಪಿಂಚಣಿ. ಅಂದರೆ ನೇಮಕಾತಿ ಆದೇಶದ ಒಂದು ಹಾಳೆ 60 ವರ್ಷ ದಾಟಿದರೂ ಬೇಕಾಗಬಹುದು. ಹಾಗಾಗಿ ಕಾಗದದ ಮೇಲಿನ ತಾರೀಖಿನಿಂದ ವರ್ಷ ಎಣಿಸಬೇಡಿ. ಆ ಕಾಗದದ ಆಧಾರದಲ್ಲಿ ಹಣ ಪಡೆಯುವ ಕೊನೆಯ ವ್ಯಕ್ತಿಯ ಹಕ್ಕು ಮುಗಿದ ದಿನದಿಂದ ಎಣಿಸಿ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಬಿಟ್ಟ 6 ವರ್ಷದವರೆಗೆ ಕಡತ ಇಡುವುದು ರೂಢಿ. ಇಂಗ್ಲೆಂಡಿನಲ್ಲಿ ಒಪ್ಪಂದದ ದಾವೆ ಹೂಡಲು ಅಷ್ಟೇ ಅವಧಿ. ಅದನ್ನು ನೋಡಿ ಇಲ್ಲಿ ನಕಲು ಮಾಡಿದರೆ ಕಷ್ಟ.

ಮೊದಲು ಬಿಡಿಸಿ. ಒಬ್ಬರ ಕಡತವನ್ನು ಇಡಿಯಾಗಿ ಒಂದೇ ವರ್ಗಕ್ಕೆ ಹಾಕಬೇಡಿ. ನಮ್ಮ ಕಚೇರಿಗಳ ಪದ್ಧತಿಯಲ್ಲಿ ಎ ವರ್ಗ ಶಾಶ್ವತ, ಬಿ 30 ವರ್ಷ, ಸಿ 10 ವರ್ಷ. ಸೇವಾ ಪುಸ್ತಕ, ನೇಮಕಾತಿ ಮತ್ತು ಬಡ್ತಿ ಆದೇಶ, ವೇತನ ನಿಗದಿ ಪತ್ರ, ನಾಮನಿರ್ದೇಶನ, ಇಲಾಖಾ ವಿಚಾರಣೆಯ ಅಂತಿಮ ಆದೇಶ, ಇವೆಲ್ಲ ಎ ವರ್ಗಕ್ಕೇ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ರಜೆ ಚೀಟಿ, ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲುಗಳಿಗೆ ಅಷ್ಟು ಆಯಸ್ಸು ಬೇಡ. ಸೇವಾ ಪುಸ್ತಕದಲ್ಲಿ ರಜೆ ನಮೂದಾಗಿ, ಆಡಿಟ್ ಮುಗಿದಿದ್ದರೆ ಕೆಳಗಿನ ವರ್ಗ ಸಾಕು.

ಆಮೇಲೆ ತಾರೀಖು ನೋಡಿ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ಹಳೆ ಪಿಂಚಣಿ ಬಿಟ್ಟು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಪದ್ಧತಿಗೆ ಹೋದರು. ಮಾರ್ಚ್ ಕೊನೆಗೆ ಸೇರಿದ್ದರೋ ಏಪ್ರಿಲ್‌ನಲ್ಲೋ ಎಂಬುದನ್ನು ಹೇಳುವುದು ಕರ್ತವ್ಯಕ್ಕೆ ಹಾಜರಾದ ವರದಿ. ಅದಿಲ್ಲದಿದ್ದರೆ ಇಡೀ ಪಿಂಚಣಿಯೇ ತಕರಾರಿಗೆ ಬೀಳುತ್ತದೆ. ಖಾಸಗಿ ಕಾಲೇಜುಗಳೂ ಸುಮ್ನೆ ಕೂರುವಂತಿಲ್ಲ. ಶಿಕ್ಷಕರನ್ನು ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಕಾಯ್ದೆಯೊಳಗೆ ತಂದ 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅನ್ವಯ. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪಿಎಫ್ ಪಿಂಚಣಿಯನ್ನು ಮಿತಿಗೊಳಿಸಿದ ಸಂಬಳದ ಬದಲು ನಿಜವಾದ ಸಂಬಳದ ಲೆಕ್ಕದಲ್ಲಿ ಹೆಚ್ಚಾಗಿ ಪಡೆಯುವ ಬಗ್ಗೆ ಅದೇ ವರ್ಷ ತೀರ್ಪೂ ಬಂತು. ಅರ್ಜಿ ಹಾಕಿದ ಹಿರಿಯರ ದಶಕಗಳ ಹಿಂದಿನ ವೇತನ ವಿವರವನ್ನು ಸಂಸ್ಥೆಗಳು ಕೊಡಬೇಕಾಯಿತು. ಸಂಬಳದ ರಿಜಿಸ್ಟರನ್ನು 10 ವರ್ಷಕ್ಕೇ ಹರಿದು ಹಾಕಿದ ಸಂಸ್ಥೆ ಆಗ ಏನು ಉತ್ತರ ಕೊಡುತ್ತದೆ?

ನಮ್ಮ ಜಿಲ್ಲೆಗೆ ಇನ್ನೊಂದು ಎಚ್ಚರಿಕೆ ಇದೆ. ತುಮಕೂರು ವಿಶ್ವವಿದ್ಯಾಲಯ ಶುರುವಾದದ್ದು 2004ರಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು. ಆ ಕಾಲದ ಪತ್ರಗಳ ನಿಮ್ಮ ಪ್ರತಿ ಕಳೆದರೆ ಹುಡುಕಾಟ ಬೆಂಗಳೂರಿನವರೆಗೂ ಹೋಗುತ್ತದೆ. ಅವನ್ನು ಮೊದಲೇ ಸ್ಕ್ಯಾನ್ ಮಾಡಿಡಿ. ಸ್ಕ್ಯಾನ್ ಆಯಿತೆಂದು ಮೂಲ ಪ್ರತಿ ಮಾತ್ರ ಬಿಸಾಡಬೇಡಿ.

ಅತಿಥಿ ಉಪನ್ಯಾಸಕರನ್ನು ಮರೆಯಬೇಡಿ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ. ಪಾವಗಡ, ಮಧುಗಿರಿ, ಶಿರಾ ಕಡೆಯ ಕಾಲೇಜುಗಳಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರಿಗೆ ಸೇವಾ ಪುಸ್ತಕವೇ ಇರುವುದಿಲ್ಲ. ಆಯ್ಕೆ ಪಟ್ಟಿ, ಕಾರ್ಯಭಾರದ ಪಟ್ಟಿ, ಗೌರವಧನದ ಬಿಲ್ಲು, ಅಷ್ಟೇ ಅವರ ದಾಖಲೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ 5 ವರ್ಷ ದಾಟಿದವರಿಗೆ ಹೆಚ್ಚು ಗೌರವಧನ ಎಂದು 2022ರಲ್ಲಿ ನಿಗದಿಯಾಯಿತು. ಆ 5 ವರ್ಷ ತೋರಿಸಲು ಈ ಕಾಗದಗಳೇ ಬೇಕು, ಅಲ್ವಾ? ಪ್ರತಿಯೊಬ್ಬರ ಹೆಸರಿಗೂ ಒಂದು ಪುಟ ತೆರೆಯಿರಿ. ಸೆಮಿಸ್ಟರ್, ವಿಷಯ, ವಾರದ ಗಂಟೆ ಬರೆದು ಪ್ರಾಂಶುಪಾಲರ ಸಹಿ ಮಾಡಿಸಿ. ಆ ಪುಸ್ತಕವನ್ನು ಶಾಶ್ವತವಾಗಿ ಇಡಿ.

ತೆಗೆಯಬೇಕಾದದ್ದನ್ನು ತೆಗೆಯಿರಿ. ಎಲ್ಲವನ್ನೂ ಕೂಡಿಡುವುದೂ ತಪ್ಪು. ಆಯ್ಕೆಯಾಗದವರ ಅರ್ಜಿ, ಆಧಾರ್ ಜೆರಾಕ್ಸ್, ಹಳೆ ವೈದ್ಯಕೀಯ ಚೀಟಿ ಇವೆಲ್ಲ ಒಬ್ಬರ ಖಾಸಗಿ ವಿಷಯ. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಡಬೇಕೆಂದು ಹೇಳದಿದ್ದರೆ, ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿ ಅಳಿಸಬೇಕು ಎನ್ನುತ್ತದೆ 2023ರ ದತ್ತಾಂಶ ರಕ್ಷಣೆ ಕಾಯ್ದೆ. ಕಾಗದಕ್ಕೂ ಅದೇ ಶಿಸ್ತು ಇರಲಿ. ಆದರೆ ಆಡಿಟ್ ಆಕ್ಷೇಪಣೆ, ಕೋರ್ಟ್ ಕೇಸು, ಮಾಹಿತಿ ಹಕ್ಕು ಅರ್ಜಿ ಬಾಕಿ ಇರುವ ಕಡತ ಮುಟ್ಟಬೇಡಿ. ಅರ್ಜಿಯಲ್ಲಿ ಕೇಳಿದ ಮಾಹಿತಿಯನ್ನು ನಾಶ ಮಾಡಿದರೆ ಮಾಹಿತಿ ಅಧಿಕಾರಿಗೆ 25,000 ರೂಪಾಯಿವರೆಗೆ ದಂಡ ಬೀಳಬಹುದು. ನಾಶ ಮಾಡುವ ಕಡತಗಳ ಪಟ್ಟಿಗೆ ಕುಲಸಚಿವರ ಅಥವಾ ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಚೂರು ಮಾಡಿಸಿ. ಪಟ್ಟಿಯನ್ನು ಮಾತ್ರ ಶಾಶ್ವತವಾಗಿ ಉಳಿಸಿ.

ಸಿಬ್ಬಂದಿಗೂ ಒಂದು ಮಾತು. ವರ್ಷಕ್ಕೊಮ್ಮೆ ಸೇವಾ ಪುಸ್ತಕ ಕೇಳಿ ನೋಡಿ, ಹುಟ್ಟಿದ ತಾರೀಖು, ರಜೆ ಲೆಕ್ಕ, ನಾಮನಿರ್ದೇಶನ ಸರಿ ಇವೆಯಾ ಪರೀಕ್ಷಿಸಿ, ಪ್ರತಿ ಪುಟದ ಫೋಟೊ ಇಟ್ಟುಕೊಳ್ಳಿ. ವಿಶ್ವವಿದ್ಯಾಲಯದಲ್ಲಿ ತೋರಿಸಲು ಒಪ್ಪದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಿಮ್ಮದೇ ದಾಖಲೆಯ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು.