ಸೈಗಾನಿನಲ್ಲಿ ಬಿಸಿ ಬ್ರೆಡ್ಡಿನ ಬುಟ್ಟಿ ಹಿಂದೆ ಹೋಗಿ

ವಿಯೆಟ್ನಾಮಿನ ಸೈಗಾನಿನಲ್ಲಿ (ಈಗಿನ ಹೆಸರು ಹೋ ಚಿ ಮಿನ್ ನಗರ) ನಾನು ತಿಂದ ಮೊದಲ ಬಾನ್ ಮೀ, ಅಂದರೆ ಒಳಗೆ ತರಕಾರಿ, ಮೊಟ್ಟೆ, ಮಾಂಸ ತುಂಬಿದ ಬ್ರೆಡ್, ರುಚಿಯಾಗಿರಲಿಲ್ಲ. ಮಧ್ಯಾಹ್ನ ಎರಡು ಗಂಟೆ, ಉಳಿದುಕೊಂಡಿದ್ದ ಹೋಟೆಲಿನ ಪಕ್ಕದ ಗಾಡಿ. ಬ್ರೆಡ್ ಎಷ್ಟು ಎಳೆದರೂ ಹರಿಯುತ್ತಿರಲಿಲ್ಲ. ತಪ್ಪು ಗಾಡಿಯದ್ದಲ್ಲ, ನಾನು ಹೋದ ಹೊತ್ತಿನದು ಅಂತ ಮರುದಿನ ಗೊತ್ತಾಯಿತು.

ಬೆಳಿಗ್ಗೆ ಆರೂವರೆಗೆ ಸುಮ್ನೆ ಒಂದು ಸುತ್ತು ನಡೆಯೋಣ ಅಂತ ಹೊರಟಿದ್ದೆ. ಸ್ಕೂಟರಿನ ಹಿಂದೆ ದೊಡ್ಡ ಬುಟ್ಟಿ ಕಟ್ಟಿಕೊಂಡು ಬಂದವರೊಬ್ಬರು ಮೂಲೆಯ ಗಾಡಿಯ ಮುಂದೆ ನಿಂತರು. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ್ದೇ ತಡ, ಬಿಸಿ ಬ್ರೆಡ್ಡಿನ ಪರಿಮಳ ರಸ್ತೆಯ ಈಚೆ ಬದಿಗೂ ಬಂತು. ಅಲ್ಲೇ ಹೋಗಿ ನಿಂತೆ.

ಬಾನ್ ಮೀ ಎಂಬ ಮಾತಿನ ಅರ್ಥ ಗೋಧಿಯ ಬ್ರೆಡ್, ಅಷ್ಟೇ. ಆ ಊರಿಗೆ ಬ್ರೆಡ್ ತಂದವರು ಫ್ರೆಂಚರು. ಆದರೆ ಈಗ ಸಿಗುವುದು ಸೈಗಾನಿನದೇ ಬ್ರೆಡ್: ಸಿಪ್ಪೆ ತೆಳು, ಒತ್ತಿದರೆ ಚಟಪಟ ಅನ್ನುತ್ತದೆ, ಒಳಗೆ ಹತ್ತಿಯ ಹಾಗೆ ಹಗುರ. ಅಲ್ಲಿನ ತೇವದ ಗಾಳಿಗೆ ಈ ಗರಿಗರಿ ಕೆಲವೇ ಗಂಟೆಯಲ್ಲಿ ಇಳಿದುಹೋಗುತ್ತದೆ. ಅಂದಿನಿಂದ ನಾನು ಹೆಸರುವಾಸಿ ಅಂಗಡಿಗಳ ಯಾವ ಪಟ್ಟಿಯನ್ನೂ ನೋಡಲಿಲ್ಲ. ಬುಟ್ಟಿ ಯಾವ ಗಾಡಿಯ ಮುಂದೆ ಇಳಿಯುತ್ತದೆ, ಕೆಲಸಕ್ಕೆ ಹೊರಟವರು ಎಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಇವೆರಡನ್ನೇ ನೋಡಿದೆ.

ಆ ಗಾಡಿಯ ಅಕ್ಕನ ಕೈ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬ್ರೆಡ್ಡಿನ ಒಂದು ಬದಿ ಉದ್ದಕ್ಕೆ ಸೀಳಿದರು. ಬೆಣ್ಣೆ ಬಣ್ಣದ ಮೊಟ್ಟೆ ಮೇಯನೇಸ್ ಸವರಿದರು. ಬಾಣಲೆಯಿಂದ ಅಂಚು ಕೆಂಪಾದ ಎರಡು ಮೊಟ್ಟೆ ಎತ್ತಿ ಒಳಗೆ ಕೂರಿಸಿದರು. ಮೇಲೆ ಉದ್ದುದ್ದ ಸೌತೆಕಾಯಿ, ಸಿಹಿ-ಹುಳಿಯಲ್ಲಿ ನೆನೆದ ಕ್ಯಾರೆಟ್ ಮತ್ತು ಮೂಲಂಗಿ, ಕಡ್ಡಿ ಸಮೇತ ಕೊತ್ತಂಬರಿ ಸೊಪ್ಪು, ಹೆಚ್ಚಿದ ಹಸಿಮೆಣಸು, ಎರಡು ತೊಟ್ಟು ಸೋಯಾ ಸಾಸ್. ಕಾಗದದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರು. ಒಂದು ನಿಮಿಷವೂ ಆಗಿರಲಿಲ್ಲ. ಕೊಟ್ಟಿದ್ದು 20,000 ಡಾಂಗ್, ನಮ್ಮ ಎಪ್ಪತ್ತು ರೂಪಾಯಿಯ ಆಸುಪಾಸು.

ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ. ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಇನ್ನೊಂದು ಗಾಡಿಯಲ್ಲಿ ಮೊಟ್ಟೆಯದನ್ನೇ ಕೇಳಿದ್ದೆ, ಎರಡನೇ ತುತ್ತಿಗೆ ಬೇರೆಯದೇ ರುಚಿ. ಬ್ರೆಡ್ಡಿಗೆ ಮೊದಲೇ ಪಾತೇ ಸವರಿದ್ದರು. ಅದು ಹೆಚ್ಚಾಗಿ ಹಂದಿ ಈಲಿಯಿಂದ ಮಾಡುವ ಪೇಸ್ಟ್. ತುಂಬಾ ಬೇಜಾರಾಯಿತು. ಅವರ ತಪ್ಪೇನೂ ಇಲ್ಲ, ಮೊಟ್ಟೆ ಬಾನ್ ಮೀಗೂ ಪಾತೇ ಹಾಕುವುದು ಅಲ್ಲಿ ರೂಢಿ. ಆಮೇಲೆ 'ಮಾಂಸ ಬೇಡ, ಪಾತೇ ಬೇಡ, ಮೀನಿನ ಸಾಸ್ ಬೇಡ' ಅಂತ ವಿಯೆಟ್ನಾಮೀಸಿನಲ್ಲಿ ಫೋನಿನಲ್ಲಿ ದೊಡ್ಡದಾಗಿ ಬರೆದಿಟ್ಟುಕೊಂಡೆ. ಅವರು ಚಾಕು ಹಿಡಿಯುವ ಮೊದಲೇ ತೋರಿಸುತ್ತಿದ್ದೆ. ಮತ್ತೆ ತೊಂದರೆಯಾಗಲಿಲ್ಲ.

ಒಂದು ಬೆಳಿಗ್ಗೆ ಮಾತ್ರ ಹೆಸರು ಕೇಳಿಕೊಂಡೇ ಹೋದೆ. ನಗರದ ಹಳೆಯ ಮೂರನೇ ಜಿಲ್ಲೆಯ ಕಾವ್ ಥಾಂಗ್ ಬೀದಿಯ ಹ್ವಾ ಮಾ ಅಂಗಡಿ, 1958ರದ್ದು. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ದಕ್ಷಿಣಕ್ಕೆ ಬಂದವರಲ್ಲಿ ಒಬ್ಬ ಗಂಡ ಹೆಂಡತಿ ಶುರುಮಾಡಿದ್ದು. ಅದಕ್ಕೂ ಮುಂಚೆ ಫ್ರೆಂಚರ ಪದ್ಧತಿಯಲ್ಲಿ ಬ್ರೆಡ್ ಬೇರೆ, ಮಾಂಸ ಬೇರೆ, ತಟ್ಟೆಯಲ್ಲಿ ಕೊಡುತ್ತಿದ್ದರು. ಕೂತು ತಿನ್ನಲು ಪುರುಸೊತ್ತಿಲ್ಲದವರಿಗೆ ಎಲ್ಲವನ್ನೂ ಬ್ರೆಡ್ಡಿನೊಳಗೇ ತುಂಬಿ ಕೈಗೆ ಕೊಟ್ಟ ಮೊದಲಿಗರಲ್ಲಿ ಇವರೂ ಇದ್ದಾರೆ. ನಾನು ಓಣಿಯಲ್ಲಿ ಪುಟ್ಟ ಸ್ಟೂಲಿನ ಮೇಲೆ ಕೂತು ಬರೀ ಮೊಟ್ಟೆ ಕೇಳಿದೆ. ಸಣ್ಣ ಬಾಣಲೆಯಲ್ಲೇ ಚುರ್ ಅನ್ನುತ್ತಾ ಬಂತು. ಬ್ರೆಡ್ ಮುರಿದು ಹಳದಿಯಲ್ಲಿ ಅದ್ದಿ ತಿಂದೆ. ಅಲ್ಲಿ ವ್ಯಾಪಾರ ಬೆಳಗಿನ ಹೊತ್ತು ಮಾತ್ರ, ತಡ ಮಾಡಬೇಡಿ.

ಮೊಟ್ಟೆಯೂ ಬೇಡ ಅನ್ನುವವರು 'ಚೈ' ಎಂಬ ಮಾತು ಕಲಿಯಿರಿ. ಗಾಡಿಯ ಮೇಲೆ ಸಿ, ಎಚ್, ಎ, ವೈ ಎಂಬ ನಾಲ್ಕಕ್ಷರ ಕಂಡರೆ ಸಸ್ಯಾಹಾರ ಅಂತ. ಅಲ್ಲಿನ ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಮುಟ್ಟುವುದಿಲ್ಲ. ಆ ದಿನ ಚೈ ಗಾಡಿಗಳು ಜಾಸ್ತಿ. ನನ್ನ ಪ್ರವಾಸದ ನಡುವೆ ಹುಣ್ಣಿಮೆ ಬಂತು. ದೇವಸ್ಥಾನದ ಗೇಟಿನ ಹತ್ತಿರ ಹುರಿದ ತೋಫು, ಅಣಬೆ, ಹುರಿದ ಅಕ್ಕಿಪುಡಿ ಹಾಕಿದ ಬಾನ್ ಮೀ ಸಿಕ್ಕಿತು. ಅಕ್ಕಿಪುಡಿಯ ಘಮಕ್ಕೆ ಇನ್ನೊಂದು ಕಟ್ಟಿಸಿಕೊಂಡೆ, ಬಸ್ಸು ಹತ್ತುವ ಮುಂಚೆ ಅದೂ ಮುಗಿದಿತ್ತು.