ವಾಕ್ಯವನ್ನು ಕೊನೆಯಿಂದ ಓದಿ: ಸ್ಪರ್ಧಾತ್ಮಕ ಪರೀಕ್ಷೆಯ ತಪ್ಪು ವಾಕ್ಯಗಳನ್ನು ತಿದ್ದುವ ಬಗೆ

ತುಮಕೂರಿನ ಗ್ರಂಥಾಲಯದ ಓದುವ ಕೊಠಡಿಯಲ್ಲಿ ಸಂಜೆಯ ಹೊತ್ತು ಕುಳಿತು ಗ್ರಾಮ ಆಡಳಿತ ಅಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪ್ರಥಮ ದರ್ಜೆ ಸಹಾಯಕ ಮೊದಲಾದ ಹುದ್ದೆಗಳ ಪರೀಕ್ಷೆಗೆ ಸಿದ್ಧತೆ ನಡೆಸುವ ಗುಬ್ಬಿ, ಶಿರಾ, ಕೊರಟಗೆರೆ ಕಡೆಯ ಯುವಕ ಯುವತಿಯರ ಮುಂದೆ ಇತಿಹಾಸದ, ಸಂವಿಧಾನದ, ಮಾನಸಿಕ ಸಾಮರ್ಥ್ಯದ ಪುಸ್ತಕಗಳು ಸದಾ ತೆರೆದಿರುತ್ತವೆ. ಕನ್ನಡ ವ್ಯಾಕರಣದ ಪುಸ್ತಕ ಮಾತ್ರ ಚೀಲದಿಂದ ಹೊರಗೆ ಬರುವುದು ಪರೀಕ್ಷೆಗೆ ಒಂದು ವಾರ ಉಳಿದಾಗ. ಮನೆಯಲ್ಲಿ ಆಡುವ ಭಾಷೆಯನ್ನು ಮತ್ತೆ ಓದುವುದೇನಿದೆ ಎಂಬ ನಂಬಿಕೆ ಅದಕ್ಕೆ ಕಾರಣ. ಆದರೆ ಕಡ್ಡಾಯ ಕನ್ನಡ ಪರೀಕ್ಷೆಯ 150 ಅಂಕಗಳಲ್ಲಿ ಕನಿಷ್ಠ 50 ಅಂಕ ಪಡೆಯದವರ ಉಳಿದ ಪತ್ರಿಕೆಗಳು ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡದ ಪ್ರಶ್ನೆಗಳಲ್ಲಿ ಸಮಾನಾರ್ಥಕ ಪದ, ಗಾದೆ, ಸಂಧಿ, ಸಮಾಸಗಳನ್ನು ಬಾಯಿಪಾಠದ ಬಲದಿಂದ ದಾಟಬಹುದು. ‘ಸರಿಯಾದ ವಾಕ್ಯವನ್ನು ಗುರುತಿಸಿ’ ಎಂಬ ಪ್ರಶ್ನೆಯನ್ನು ಹಾಗೆ ದಾಟಲಾಗದು. ನಾಲ್ಕೂ ಆಯ್ಕೆಗಳು ಕಿವಿಗೆ ಸರಿಯಾಗಿಯೇ ಕೇಳಿಸುತ್ತವೆ.

ಕೆಲವು ವರ್ಷಗಳಿಂದ ಇಂಥ ಅಭ್ಯರ್ಥಿಗಳಿಗೆ ಭಾನುವಾರಗಳಂದು ಪಾಠ ಹೇಳುತ್ತಿರುವ ನಾನು ಕಂಡುಕೊಂಡ ಉಪಾಯ ಒಂದೇ. ಕನ್ನಡ ವಾಕ್ಯದ ಬೀಗದ ಕೈ ಅದರ ಕೊನೆಯಲ್ಲಿರುತ್ತದೆ. ಆದ್ದರಿಂದ ವಾಕ್ಯವನ್ನು ಒಮ್ಮೆ ಮೊದಲಿನಿಂದ ಓದಿ ಅರ್ಥ ಮಾಡಿಕೊಂಡ ಮೇಲೆ, ತಪ್ಪು ಹುಡುಕುವಾಗ ಕೊನೆಯ ಕ್ರಿಯಾಪದದಿಂದ ಹಿಂದಕ್ಕೆ ಬರಬೇಕು.

ಮೊದಲ ಹೆಜ್ಜೆ: ಕ್ರಿಯಾಪದವನ್ನು ‘ಯಾರು’ ಎಂದು ಕೇಳಿ

ಕೊನೆಯ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಆ ಕೆಲಸ ಮಾಡಿದ್ದು ಯಾರು ಅಥವಾ ಯಾವುದು ಎಂದು ಕೇಳಿಕೊಳ್ಳಿ. ‘ತಿಪಟೂರಿನ ಮಾರುಕಟ್ಟೆಗೆ ಬಂದ ಕೊಬ್ಬರಿ ಮೂಟೆಗಳ ಬೆಲೆ ಏರಿದವು’ ಎಂಬ ವಾಕ್ಯದಲ್ಲಿ ಏರಿದ್ದು ಮೂಟೆಗಳಲ್ಲ, ಬೆಲೆ. ಬೆಲೆ ಏಕವಚನವಾದ್ದರಿಂದ ‘ಏರಿತು’ ಎಂದಾಗಬೇಕು. ಕರ್ತೃ ಮತ್ತು ಕ್ರಿಯಾಪದಗಳ ನಡುವೆ, ಇಲ್ಲವೇ ಕರ್ತೃವಿನ ಹಿಂದೆಯೇ, ಒಂದು ಬಹುವಚನದ ನಾಮಪದವನ್ನು ಇರಿಸಿ ಕಣ್ಣನ್ನು ಅತ್ತ ಸೆಳೆಯುವುದು ಪ್ರಶ್ನೆ ರಚಿಸುವವರ ಹಳೆಯ ಅಭ್ಯಾಸ. ‘ಪ್ರತಿಯೊಬ್ಬ ಅಭ್ಯರ್ಥಿಯೂ ಸಹಿ ಹಾಕಿದರು’ ಎಂಬಲ್ಲಿಯೂ ಇದೇ ತೊಡಕು: ‘ಪ್ರತಿಯೊಬ್ಬ ಅಭ್ಯರ್ಥಿ’ ಎಂಬುದು ಏಕವಚನ, ‘ಪ್ರತಿಯೊಬ್ಬರೂ’ ಎಂದಿದ್ದರೆ ಮಾತ್ರ ‘ಹಾಕಿದರು’ ಸರಿಹೋಗುತ್ತದೆ. ‘ಬೇಕು’, ‘ಬಹುದು’, ‘ಬಾರದು’, ‘ಇಲ್ಲ’ ಎಂದು ಮುಗಿಯುವ ಕ್ರಿಯಾಪದಗಳು ಯಾವ ಕರ್ತೃವಿಗೂ ರೂಪ ಬದಲಿಸುವುದಿಲ್ಲವಾದ್ದರಿಂದ, ಅಲ್ಲಿ ಲಿಂಗವಚನಗಳ ತಪ್ಪನ್ನು ಹುಡುಕುತ್ತಾ ಸಮಯ ಕಳೆಯಬೇಡಿ.

ನಮ್ಮ ಕಡೆಯ ಮಾತಿನಲ್ಲಿ ‘ಅಪ್ಪ ಹೊಲಕ್ಕೆ ಹೋಗವ್ರೆ’ ಎನ್ನುತ್ತೇವೆ. ಅದು ತಪ್ಪು ಕನ್ನಡವಲ್ಲ, ಈ ನೆಲದ ಕನ್ನಡ. ಆದರೆ ಪರೀಕ್ಷೆ ಕೇಳುವುದು ಗ್ರಂಥಸ್ಥ ರೂಪವನ್ನು. ಅಲ್ಲಿ ‘ಹೋಗಿದ್ದಾರೆ’ ಎಂದೇ ಗುರುತಿಸಬೇಕು.

‘ಯಾರು’ ಎಂದು ಕೇಳಿದಾಗ ಸಿಕ್ಕ ಪದದ ವಿಭಕ್ತಿಯನ್ನೂ ನೋಡಿ. ‘ಕುಣಿಗಲ್ಲಿನಿಂದ ಬಂದ ಅಭ್ಯರ್ಥಿಗಳು ಪರೀಕ್ಷಾ ಕೇಂದ್ರದ ವಿಳಾಸ ಗೊತ್ತಿರಲಿಲ್ಲ’ ಎಂಬುದರಲ್ಲಿ ‘ಅಭ್ಯರ್ಥಿಗಳಿಗೆ’ ಎಂದಾಗಬೇಕು, ಏಕೆಂದರೆ ಗೊತ್ತಿರುವುದು, ಬೇಕಾಗುವುದು, ಇಷ್ಟವಾಗುವುದು, ಹಸಿವಾಗುವುದು ಕನ್ನಡದಲ್ಲಿ ಚತುರ್ಥಿಯನ್ನು, ಅಂದರೆ ‘-ಗೆ’ ಪ್ರತ್ಯಯವನ್ನು, ಬೇಡುವ ಮಾತುಗಳು. ‘ನಾನು ಗೊತ್ತಿಲ್ಲ’ ಎಂದು ಯಾರೂ ಬರೆಯುವುದಿಲ್ಲ, ಆದರೆ ಕರ್ತೃ ಮತ್ತು ಕ್ರಿಯೆಯ ನಡುವೆ ಆರು ಪದಗಳು ಬಂದರೆ ಇದೇ ತಪ್ಪು ಕಣ್ಣಿಗೆ ಬೀಳದೆ ಹೋಗುತ್ತದೆ.

ಇಲ್ಲಿ ‘-ಲಾಯಿತು’ ರೂಪದ ಬಗ್ಗೆ ಎಚ್ಚರ ಅಗತ್ಯ. ‘ಸಮಿತಿಯು ವರದಿಯನ್ನು ಸಲ್ಲಿಸಲಾಯಿತು’ ಎಂಬ ಬಗೆಯ ವಾಕ್ಯಗಳು ಸೂಚನಾ ಫಲಕಗಳಲ್ಲಿ, ಕರಪತ್ರಗಳಲ್ಲಿ ಎಷ್ಟು ಕಾಣಿಸುತ್ತವೆಯೆಂದರೆ ಓದುಗರಿಗೆ ಅದೇ ಸರಿಯೆನಿಸಿಬಿಟ್ಟಿದೆ. ‘ಸಮಿತಿಯು’ ಎಂದು ಕರ್ತೃವನ್ನು ಪ್ರಥಮಾ ವಿಭಕ್ತಿಯಲ್ಲಿ ಹೇಳಿದ ಮೇಲೆ ‘ಸಲ್ಲಿಸಿತು’ ಎನ್ನಬೇಕು. ಕರ್ತೃವನ್ನು ಮುಂದೆ ಮಾಡದೆ ಹೇಳುವುದಿದ್ದರೆ ಮಾತ್ರ ‘ವರದಿಯನ್ನು ಸಲ್ಲಿಸಲಾಯಿತು’ ಎನ್ನಬೇಕು. ವರದಿಗಳು ಹತ್ತಾದರೂ ‘ವರದಿಗಳನ್ನು ಸಲ್ಲಿಸಲಾಯಿತು’ ಎಂದೇ ಇರುತ್ತದೆ. ‘ಪಡು’ ಧಾತು ಸೇರಿದ ಕರ್ಮಣಿ ಪ್ರಯೋಗದಲ್ಲಾದರೆ ಕರ್ಮಪದವೇ ಪ್ರಥಮಾ ವಿಭಕ್ತಿಗೆ ಬಂದು ‘ವರದಿಗಳು ಸಲ್ಲಿಸಲ್ಪಟ್ಟವು’ ಎಂದಾಗುತ್ತದೆ.

ಎರಡನೆಯ ಹೆಜ್ಜೆ: ಅಪೂರ್ಣ ಕ್ರಿಯೆಗಳನ್ನೂ ಅದೇ ಪ್ರಶ್ನೆ ಕೇಳಿ

ಅತಿ ಹೆಚ್ಚು ಅಂಕಗಳು ಸೋರಿಹೋಗುವುದು ಇಲ್ಲಿಯೇ. ‘ಮಾಡಿ’, ‘ಮಾಡುತ್ತಾ’, ‘ಮಾಡದೆ’ ಎಂಬ ರೂಪಗಳನ್ನು ಶಾಲೆಯ ವ್ಯಾಕರಣ ಕೃದಂತಾವ್ಯಯಗಳೆಂದು ಕರೆಯುತ್ತದೆ. ಇವುಗಳಿಗೆ ತಮ್ಮದೇ ಆದ ಪುರುಷ, ಲಿಂಗ, ವಚನದ ಗುರುತಿಲ್ಲ. ವಾಕ್ಯದ ಮುಖ್ಯ ಕ್ರಿಯಾಪದದ ಕರ್ತೃವೇ ಇವುಗಳಿಗೂ ಕರ್ತೃ. ಈಗ ಈ ವಾಕ್ಯವನ್ನು ನೋಡಿ: ‘ದೇವರಾಯನದುರ್ಗದತ್ತ ಬಸ್ಸಿನಲ್ಲಿ ಸಾಗುತ್ತಾ, ನಾಮದ ಚಿಲುಮೆಯ ಜಿಂಕೆಗಳು ಕಾಣಿಸಿದವು.’ ಕಾಣಿಸಿದ್ದು ಯಾವುದು? ಜಿಂಕೆಗಳು. ಹಾಗಾದರೆ ಬಸ್ಸಿನಲ್ಲಿ ಸಾಗುತ್ತಿದ್ದವರು ಯಾರು? ವಾಕ್ಯದ ಪ್ರಕಾರ ಅವೂ ಜಿಂಕೆಗಳೇ. ಬರೆದವರ ಮನಸ್ಸಿನಲ್ಲಿದ್ದ ‘ನಾವು’ ಎಂಬ ಪದ ವಾಕ್ಯದೊಳಗೆ ಬರಲೇ ಇಲ್ಲ.

ಇದನ್ನು ತಿದ್ದಲು ಎರಡು ದಾರಿಗಳಿವೆ. ‘ಬಸ್ಸಿನಲ್ಲಿ ಸಾಗುತ್ತಾ ನಾವು ಜಿಂಕೆಗಳನ್ನು ನೋಡಿದೆವು’ ಎಂದು ಎರಡು ಕ್ರಿಯೆಗಳಿಗೂ ಒಬ್ಬನೇ ಕರ್ತೃವನ್ನು ಕೊಡಬಹುದು. ಇಲ್ಲವೇ ‘ನಾವು ಬಸ್ಸಿನಲ್ಲಿ ಸಾಗುತ್ತಿದ್ದಾಗ ಜಿಂಕೆಗಳು ಕಾಣಿಸಿದವು’ ಎಂದು ಬೇರೆ ಕರ್ತೃವನ್ನು ಒಪ್ಪುವ ರೂಪಕ್ಕೆ ಬದಲಾಯಿಸಬಹುದು. ‘ಮಾಡಿದಾಗ’, ‘ಮಾಡಿದ ಮೇಲೆ’, ‘ಮಾಡಿದರೆ’, ‘ಮಾಡಿದ್ದರಿಂದ’ ಎಂಬ ರೂಪಗಳು ತಮ್ಮ ಕರ್ತೃವನ್ನು ತಾವೇ ಹೊರಬಲ್ಲವು. ‘ಮಾಡಿ’, ‘ಮಾಡುತ್ತಾ’ ರೂಪಗಳು ಸಾಮಾನ್ಯವಾಗಿ ಹೊರಲಾರವು. ‘ಪ್ರಶ್ನೆಯನ್ನು ಸರಿಯಾಗಿ ಓದದೆ ಉತ್ತರ ತಪ್ಪಾಯಿತು’ ಎಂಬುದೂ ಇದೇ ಜಾತಿಯದು: ಓದದೆ ಇದ್ದದ್ದು ಉತ್ತರವಲ್ಲ, ಅಭ್ಯರ್ಥಿ. ‘ಓದದೆ ತಪ್ಪು ಉತ್ತರ ಬರೆದನು’ ಎಂದೋ, ‘ಓದದಿದ್ದುದರಿಂದ ಉತ್ತರ ತಪ್ಪಾಯಿತು’ ಎಂದೋ ತಿದ್ದಬೇಕು.

ಆದರೆ ಈ ನಿಯಮವನ್ನು ಕಣ್ಣುಮುಚ್ಚಿ ಅನ್ವಯಿಸುವವರು ಸರಿಯಾದ ವಾಕ್ಯವನ್ನೂ ಹೊಡೆದುಹಾಕುತ್ತಾರೆ. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ; ಕರ್ತೃಗಳು ಬೇರೆಯಾದರೂ ವಾಕ್ಯ ನೂರಕ್ಕೆ ನೂರು ಕನ್ನಡದ್ದು. ‘ಮಳೆ ಬಾರದೆ ರಾಗಿ ಒಣಗಿತು’ ಎಂಬುದೂ ಹಾಗೆಯೇ. ಮೊದಲ ಕ್ರಿಯೆ ಕಾರಣ, ಎರಡನೆಯದು ಅದರ ಫಲ. ಮೊದಲ ಕ್ರಿಯೆ ತನ್ನ ಕರ್ತೃವನ್ನು ಪಕ್ಕದಲ್ಲಿಯೇ ಇಟ್ಟುಕೊಂಡಿದೆ. ಎರಡೂ ಯಾರೋ ಬೇಕೆಂದು ಮಾಡಿದ ಕೆಲಸಗಳಲ್ಲ. ಇಂಥಲ್ಲಿ ಭಾಷೆ ಸಡಿಲಿಕೆ ಕೊಡುತ್ತದೆ. ‘ಊಟ ಮಾಡಿ ಎರಡು ಗಂಟೆಯಾಯಿತು’ ಎಂದು ಕಾಲವನ್ನು ಅಳೆಯುವ ಮಾತಿಗೂ ಆ ಸಡಿಲಿಕೆಯಿದೆ. ಪಾಠದಲ್ಲಿ ಈ ಭಾಗಕ್ಕೆ ಒಂದು ಪೂರ್ತಿ ಭಾನುವಾರವನ್ನು ನಾನು ಮೀಸಲಿಡುತ್ತೇನೆ, ಏಕೆಂದರೆ ನಿಯಮ ಕಲಿತವರಿಗಿಂತ ನಿಯಮದ ಎಲ್ಲೆಯನ್ನು ಕಲಿತವರೇ ಪರೀಕ್ಷೆಯಲ್ಲಿ ಉಳಿದುಕೊಂಡದ್ದನ್ನು ನೋಡಿದ್ದೇನೆ.

ಮೂರನೆಯ ಹೆಜ್ಜೆ: ವಿಶೇಷಣ ಯಾವ ಪದಕ್ಕೆ ಅಂಟಿದೆ?

ಕನ್ನಡದಲ್ಲಿ ವಿಶೇಷಣ ತನ್ನ ವಿಶೇಷ್ಯದ, ಅಂದರೆ ತಾನು ಬಣ್ಣಿಸುವ ನಾಮಪದದ, ಮುಂಚೆ ಬರುತ್ತದೆ. ಓದುಗರ ಮನಸ್ಸು ಅದನ್ನು ತನ್ನ ಬಲಕ್ಕಿರುವ ಹತ್ತಿರದ ನಾಮಪದಕ್ಕೆ ಅಂಟಿಸುತ್ತದೆ. ‘ಶುದ್ಧ ಹಸುವಿನ ತುಪ್ಪ’ ಎಂಬ ಫಲಕವನ್ನು ಎಲ್ಲರೂ ಕಂಡಿದ್ದೇವೆ. ಶುದ್ಧವಾಗಿರಬೇಕಾದದ್ದು ತುಪ್ಪ, ಆದ್ದರಿಂದ ‘ಹಸುವಿನ ಶುದ್ಧ ತುಪ್ಪ’ ಎಂದಾಗಬೇಕು. ‘ಒಂದು ಬಿಸಿ ಲೋಟ ಹಾಲು’ ಎಂಬುದನ್ನು ‘ಒಂದು ಲೋಟ ಬಿಸಿ ಹಾಲು’ ಎಂದು ತಿದ್ದುವುದೂ ಇದೇ ಕಾರಣಕ್ಕೆ.

‘ಮಾಡಿದ’, ‘ಮಾಡುವ’ ಎಂಬ ಕೃದಂತಗಳು ಇದೇ ಕೆಲಸವನ್ನು ಇನ್ನೂ ಉದ್ದವಾಗಿ ಮಾಡುತ್ತವೆ. ‘ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿದ ಶಿಕ್ಷಕರ ಮಗಳು ಬಹುಮಾನ ಪಡೆದಳು’ ಎಂದರೆ ಬೆಟ್ಟ ಹತ್ತಿದವರು ಶಿಕ್ಷಕರೋ ಮಗಳೋ? ಹತ್ತಿದವಳು ಮಗಳಾದರೆ, ‘ಶಿಕ್ಷಕರ ಮಗಳು ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿ ಬಹುಮಾನ ಪಡೆದಳು’ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕ್ರಿಯಾವಿಶೇಷಣವಾದರೆ ತನ್ನ ಬಲಕ್ಕೆ ಮೊದಲು ಸಿಗುವ ಕ್ರಿಯೆಯನ್ನು ಹಿಡಿದುಕೊಳ್ಳುತ್ತದೆ. ‘ಬೇಗ ಬಂದವರಿಗೆ ಚೀಟಿ ಕೊಡಿ’ ಮತ್ತು ‘ಬಂದವರಿಗೆ ಬೇಗ ಚೀಟಿ ಕೊಡಿ’ ಎಂಬ ಎರಡು ಆದೇಶಗಳ ನಡುವೆ ಸರದಿಯಲ್ಲಿ ನಿಂತವರಿಗೆ ಬಹಳ ವ್ಯತ್ಯಾಸವಿದೆ. ‘ನಿನ್ನೆ ಶಿರಾದಲ್ಲಿ ನಡೆದ ಕಳ್ಳತನದ ಬಗ್ಗೆ ದೂರು ದಾಖಲಾಯಿತು’ ಎಂದರೆ ಕಳ್ಳತನ ನಿನ್ನೆಯದು. ದೂರು ನಿನ್ನೆಯದಾಗಿದ್ದರೆ ‘ನಿನ್ನೆ’ಯನ್ನು ‘ದೂರು’ ಎಂಬುದರ ಮುಂಚೆ ತಂದಿಡಬೇಕು.

ಬಲಕ್ಕೆ ನೋಡುವ ಈ ಪದಗಳಿಗೆ ಎದುರಾಗಿ, ಎಡಕ್ಕೆ ನೋಡುವ ಪದಗಳೂ ಇವೆ: ‘ಮಾತ್ರ’, ‘ಕೂಡ’, ‘ಸಹ’, ಅವಧಾರಣೆಯ, ಅಂದರೆ ಒತ್ತು ಕೊಡುವ, ‘ಏ’. ‘ತುಮಕೂರಿನಲ್ಲಿ ಮಾತ್ರ ಸೋಮವಾರ ಪರೀಕ್ಷೆ ನಡೆಯುತ್ತದೆ’ ಎಂದರೆ ಬೇರೆ ಊರುಗಳಲ್ಲಿ ಸೋಮವಾರ ಪರೀಕ್ಷೆಯಿಲ್ಲ. ‘ತುಮಕೂರಿನಲ್ಲಿ ಸೋಮವಾರ ಮಾತ್ರ’ ಎಂದರೆ ಉಳಿದ ದಿನಗಳಲ್ಲಿಲ್ಲ. ‘ಸೋಮವಾರ ಪರೀಕ್ಷೆ ಮಾತ್ರ’ ಎಂದರೆ ಆ ದಿನ ಸಂದರ್ಶನವೋ ದಾಖಲೆ ಪರಿಶೀಲನೆಯೋ ಇಲ್ಲ. ‘ಕೇವಲ’ ಎಂಬುದು ‘ಮಾತ್ರ’ದ ಅರ್ಥವನ್ನೇ ಹೊತ್ತಿದ್ದರೂ ಬಲಕ್ಕೆ ನೋಡುತ್ತದೆ, ಒಂದೇ ಪದದ ಎರಡೂ ಪಕ್ಕಗಳಲ್ಲಿ ಇವೆರಡನ್ನೂ ನಿಲ್ಲಿಸಿ ‘ಕೇವಲ ಸೋಮವಾರ ಮಾತ್ರ’ ಎಂದರೆ ಅದು ಪುನರುಕ್ತಿ.

ಪುನರುಕ್ತಿಯ ಉಳಿದ ಬಗೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳುತ್ತೇನೆ: ‘ಅವನು ಬರಲಿಲ್ಲ, ಏಕೆಂದರೆ ಜ್ವರ ಬಂದಿದ್ದರಿಂದ.’ ‘ಏಕೆಂದರೆ’ ಮತ್ತು ‘-ದ್ದರಿಂದ’ ಎರಡೂ ಕಾರಣವನ್ನೇ ಹೇಳುತ್ತವೆ, ಒಂದು ಸಾಕು. ‘ತನ್ನ’ ಮತ್ತು ‘ಅವನ’ ಎಂಬ ಸರ್ವನಾಮಗಳನ್ನೂ ಪರೀಕ್ಷಿಸಿ. ‘ಅಧಿಕಾರಿಯು ಅರ್ಜಿದಾರನನ್ನು ತನ್ನ ಕಚೇರಿಗೆ ಕರೆದನು’ ಎಂದರೆ ಅದು ಅಧಿಕಾರಿಯ ಕಚೇರಿ, ಏಕೆಂದರೆ ‘ತನ್ನ’ ಎಂಬುದು ಕರ್ತೃವಿನ ಕಡೆಗೇ ತಿರುಗುತ್ತದೆ.

ಆಯ್ಕೆಗಳನ್ನು ಕಳೆಯುವುದು

ಈಗ ಒಂದು ಪೂರ್ತಿ ಪ್ರಶ್ನೆಯನ್ನು ಬಿಡಿಸೋಣ. ಕೊಟ್ಟ ವಾಕ್ಯ: ‘ಪಾವಗಡದ ಸೌರ ಉದ್ಯಾನವನ್ನು ವೀಕ್ಷಿಸಿ, ಅಧಿಕಾರಿಗಳ ವರದಿಗಳು ಸರ್ಕಾರಕ್ಕೆ ಸಲ್ಲಿಸಲಾಯಿತು.’ ಆಯ್ಕೆಗಳು ಹೀಗಿವೆ ಎಂದುಕೊಳ್ಳಿ.

ಅ) ಉದ್ಯಾನವನ್ನು ವೀಕ್ಷಿಸಿ, ಅಧಿಕಾರಿಗಳ ವರದಿಗಳನ್ನು ಸರ್ಕಾರಕ್ಕೆ ಸಲ್ಲಿಸಲಾಯಿತು.
ಆ) ಉದ್ಯಾನವನ್ನು ವೀಕ್ಷಿಸಿದ ಅಧಿಕಾರಿಗಳು ವರದಿಗಳನ್ನು ಸರ್ಕಾರಕ್ಕೆ ಸಲ್ಲಿಸಲಾಯಿತು.
ಇ) ಉದ್ಯಾನವನ್ನು ವೀಕ್ಷಿಸಿದ ಅಧಿಕಾರಿಗಳು ವರದಿಗಳನ್ನು ಸರ್ಕಾರಕ್ಕೆ ಸಲ್ಲಿಸಿದರು.
ಈ) ಉದ್ಯಾನವನ್ನು ವೀಕ್ಷಿಸಿದ ಅಧಿಕಾರಿಗಳ ವರದಿಗಳನ್ನು ಸರ್ಕಾರಕ್ಕೆ ಸಲ್ಲಿಸಿದವು.

ಆಯ್ಕೆಗಳನ್ನು ಓದುವ ಮೊದಲೇ ಕೊಟ್ಟ ವಾಕ್ಯದ ತಪ್ಪನ್ನು ನೀವೇ ಹೆಸರಿಸಿರಬೇಕು: ‘ಸಲ್ಲಿಸಲಾಯಿತು’ ಎಂಬುದರ ಮುಂದೆ ‘ವರದಿಗಳು’ ನಿಲ್ಲದು, ಮತ್ತು ವೀಕ್ಷಿಸಿದವರು ಯಾರೆಂಬುದು ವಾಕ್ಯದಲ್ಲಿಲ್ಲ. ಬಳಿಕ ಕೊನೆಯ ಕ್ರಿಯಾಪದಗಳನ್ನಷ್ಟೇ ಹೋಲಿಸಿ. ‘ಈ’ ಆಯ್ಕೆಯಲ್ಲಿ ‘ಸಲ್ಲಿಸಿದವು’ ಎಂಬುದಕ್ಕೆ ಕರ್ತೃವೇ ಇಲ್ಲ. ‘ಆ’ ಆಯ್ಕೆಯಲ್ಲಿ ‘ಅಧಿಕಾರಿಗಳು’ ಎಂಬ ಕರ್ತೃವಿಗೆ ‘ಸಲ್ಲಿಸಲಾಯಿತು’ ಹೊಂದದು. ‘ಅ’ ಆಯ್ಕೆ ವಿಭಕ್ತಿಯನ್ನು ತಿದ್ದಿದೆ, ಆದರೆ ವೀಕ್ಷಿಸಿದವರು ಅಧಿಕಾರಿಗಳೋ ವರದಿ ಸಲ್ಲಿಸಿದ ಮತ್ತೊಬ್ಬರೋ ಎಂಬುದನ್ನು ಹೇಳದೆ ಬಿಟ್ಟಿದೆ; ಅವಸರದಲ್ಲಿರುವ ಅಭ್ಯರ್ಥಿ ಮೋಸಹೋಗುವುದು ಇದರಲ್ಲಿಯೇ. ಉಳಿಯುವುದು ‘ಇ’. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಗಳಲ್ಲಿ, ಹೀಗೆ ಎರಡು ಆಯ್ಕೆಗಳನ್ನಾದರೂ ಕಾರಣಸಹಿತ ಹೊಡೆದುಹಾಕಲಾಗದಿದ್ದರೆ ಮುಂದಿನ ಪ್ರಶ್ನೆಗೆ ಹೋಗುವುದು ಮೇಲು.

ಅಭ್ಯಾಸಕ್ಕೆ ದುಬಾರಿ ಪುಸ್ತಕಗಳು ಬೇಕಿಲ್ಲ. ವ್ಯಾಕರಣವನ್ನು ವಿದ್ಯಾರ್ಥಿಗಳಿಗೆ ಎಟುಕುವಂತೆ ತಿಳಿಗನ್ನಡದಲ್ಲಿ ಬರೆದುಕೊಟ್ಟ ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಅವರ ಹೆಸರಿನ ‘ತೀ’ ಆ ಊರಿನದೇ. ಅಂಥ ಒಂದು ವ್ಯಾಕರಣವನ್ನು ಪಕ್ಕದಲ್ಲಿಟ್ಟುಕೊಂಡು, ದಿನಕ್ಕೊಂದು ಸರ್ಕಾರಿ ಪ್ರಕಟಣೆಯನ್ನೋ ಬಸ್ ನಿಲ್ದಾಣದ ಸೂಚನಾ ಫಲಕವನ್ನೋ ಬರೆದುಕೊಂಡು, ಮೇಲಿನ ಪ್ರಶ್ನೆಗಳನ್ನು ಅದಕ್ಕೆ ಹಾಕಿ. ತಪ್ಪು ಸಿಕ್ಕ ವಾಕ್ಯವನ್ನು ಪುಸ್ತಕದ ಎಡಪುಟದಲ್ಲಿ, ತಿದ್ದಿದ ವಾಕ್ಯವನ್ನು ಬಲಪುಟದಲ್ಲಿ ಬರೆದು, ಯಾವ ಹೆಜ್ಜೆಯಲ್ಲಿ ತಪ್ಪು ಸಿಕ್ಕಿತೆಂಬುದನ್ನು ಅಂಚಿನಲ್ಲಿ ಗುರುತಿಸಿಕೊಳ್ಳಿ. ಎರಡು ವಾರಗಳ ಬಳಿಕ ಆ ಅಂಚನ್ನು ನೋಡಿದರೆ, ನಿಮ್ಮ ಕಣ್ಣು ತಪ್ಪಿಸಿಕೊಳ್ಳುವ ಹೆಜ್ಜೆ ಯಾವುದೆಂಬುದು ಕಾಣಿಸುತ್ತದೆ. ಪರೀಕ್ಷೆಗೆ ಮುಂಚಿನ ವಾರ ಆ ಒಂದು ಹೆಜ್ಜೆಯ ವಾಕ್ಯಗಳನ್ನಷ್ಟೇ ಮತ್ತೆ ಬಿಡಿಸಿ.